ಲಂಡನ್ನಿನ ಕೆಲಸ, ಕಾಳಮ್ಮನ ಕೂಗು

ಗೆಳೆಯರೇ, ಇವತ್ತು ಕೆ.ಆರ್. ನಗರದ ವಕೀಲರಾದ ನಮಗೆಲ್ಲ ಸರ್ಕಾರದ ಸಭೆ. ಬೆಂಗಳೂರಿನಿಂದ ಬಂದ ಅಧಿಕಾರಿ, "ಇನ್ನು ಕಾನೂನು ಸೇವೆಯೂ ರಫ್ತಾಗುತ್ತೆ. ಇಲ್ಲೇ ಕೂತು ಲಂಡನ್ನಿನ ಕಕ್ಷಿದಾರರ ಕೆಲಸ ಮಾಡಬಹುದು" ಎಂದರು.

ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಅದೇ ಹೊತ್ತಿಗೆ ಎದುರಿನ ಕೋರ್ಟಿನಲ್ಲಿ ನನ್ನ ಕಕ್ಷಿದಾರರಾದ ಸಾಲಿಗ್ರಾಮದ ಕಾಳಮ್ಮನವರ ದಾವೆ. ಅವರ ಗದ್ದೆಯ ದಾರಿಯನ್ನು ಪಕ್ಕದವರು ಮುಚ್ಚಿದ್ದಾರೆ. ಎದ್ದು ಹೋಗೋಣವೆಂದರೆ ನನ್ನನ್ನು ಮೊದಲ ಸಾಲಿನಲ್ಲೇ ಕೂರಿಸಿದ್ದರು.

ಅಷ್ಟರಲ್ಲಿ ಕಾಳಮ್ಮನವರೇ ಬಾಗಿಲಿಗೆ ಬಂದು ಕೂಗಿದರು: "ಸಾಮಿ, ಲಂಡನ್ನ ಆಮ್ಯಾಕೆ ನೋಡ್ಕಳಿ ಬುಡಿ! ಕೋರ್ಟ್ ಜವಾನ ನನ್ ಎಸ್ರ ಎಲ್ಡು ಸಲ ಕೂಗಾಯ್ತು. ಮೂರ್ನೇ ಕೂಗ್ಗಾದ್ರೂ ಬನ್ನಿ!"

ಓಡಿದೆ. ರಸ್ತೆ ದಾಟುವಷ್ಟರಲ್ಲಿ ಮುಂದಿನ ತಾರೀಖು ಬಿದ್ದಿತ್ತು.

ಇಲ್ಲೇ ಕೂತು ಲಂಡನ್ ಮುಟ್ಟಬಲ್ಲ ವಕೀಲನಿಗೆ ಎದುರಿನ ಕೋರ್ಟು ಮುಟ್ಟಲಾಗಲಿಲ್ಲ.