ಕಂಬಿ ಹಿಡಿಯದ ಕಂಡಕ್ಟರಮ್ಮ

ನಮ್ಮ ಮನೆಯ ಮಹಡಿ ಮೇಲಿನ ಒಂಟಿ ಕೋಣೆಯಲ್ಲಿರುವ ಕಂಡಕ್ಟರಮ್ಮ ಬೆಳಗ್ಗೆ ಎದ್ದ ಕೂಡಲೇ ತನ್ನ ಕಪ್ಪು ಬೂಟುಗಳಿಗೆ ಪಾಲಿಶ್ ಹಾಕುತ್ತಾಳೆ. ಬಸ್ಸಿನ ಕೆಲಸದಿಂದ ನಿವೃತ್ತಳಾಗಿ ವರ್ಷಗಳೇ ಆದವು, ಆದರೂ ಜ್ವರ ಬಂದ ದಿನವೂ ಅದು ತಪ್ಪಿದ್ದಿಲ್ಲ. ನಾನು ಕೆಳಗೆ ಪ್ರಾರ್ಥನೆಗೆ ಕೂರುವ ಹೊತ್ತಿಗೆ ಮೇಲಿನಿಂದ ಬ್ರಷ್ಷಿನ ಸದ್ದು ಕೇಳುತ್ತದೆ. ಆ ಸದ್ದು ನಿಂತೇ ಹೋಗುವುದರಲ್ಲಿತ್ತು, ಹೋದ ವರ್ಷ.

ಮೆಟ್ಟಿಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಿದ್ದಳು. ಆಸ್ಪತ್ರೆಯಿಂದ ಬಂದ ಮೇಲೆ, ಇನ್ನು ಒಬ್ಬಳೇ ಇರುವುದು ಬೇಡ ಎಂದು ಅವಳ ತಮ್ಮ ಪಟ್ಟು ಹಿಡಿದ. ಬಟ್ಟೆ ಅಂಗಡಿ ಇಟ್ಟವನು, ಕೆಟ್ಟವನಲ್ಲ. ತನ್ನ ಮನೆಯ ನೆಲಮಹಡಿಯ ಕೋಣೆ ಖಾಲಿ ಮಾಡಿಸಿ, ಬಚ್ಚಲಿಗೆ ಹಿಡಿಕೆ ಹಾಕಿಸಿ, ಕಿಟಕಿಗೆ ತಿಳಿನೀಲಿ ಪರದೆಯನ್ನೂ ಹೊಲಿಸಿದ್ದ. ಇವಳಿಗೆ ಆ ಪರದೆಯನ್ನು ಕಂಡರಾಗದು. ಮೊದಲು ಅಪ್ಪನ ಮನೆ, ಆಮೇಲೆ ಹಾಸ್ಟೆಲ್ಲು, ಆಮೇಲೆ ದೊಡ್ಡಮ್ಮನ ಮನೆಯ ಪಡಸಾಲೆ. ಸ್ವಂತ ಬೀಗ ಅಂತ ಕೈಗೆ ಬಂದದ್ದು ನಮ್ಮ ಮಹಡಿಗೆ ಬಂದ ಮೇಲೆಯೇ.

ಒಂದು ಸಂಜೆ ಮಾತಿಗೆ ಮಾತು ಬೆಳೆಯಿತು. ಸಮುದ್ರದ ಪಕ್ಕದ ಪಕ್ಷಿಧಾಮದಲ್ಲಿ ಹಲಗೆ ದಾರಿ ಹಾಕಿದ್ದಾರೆ, ಎಳೆಮಕ್ಕಳೂ ನಡೆಯುತ್ತಾರೆ, ಯಾರ ಕೈಯನ್ನೂ ಹಿಡಿಯದೆ ಅದರ ತುದಿ ಮುಟ್ಟಿ ವಾಪಸ್ ಬಂದರೆ ಇನ್ನು ಮಹಡಿಯ ಕೋಣೆ ಬಿಡುವ ಸುದ್ದಿ ಎತ್ತುವುದಿಲ್ಲ ಎಂದು ತಮ್ಮ ಬೇಸತ್ತು ಹೇಳಿಬಿಟ್ಟ. ಬಾಯಿ ತಪ್ಪಿ ಬಂದ ಮಾತು. ಅವಳು ಅದನ್ನು ಕೆಳಗೆ ಬೀಳಗೊಡಲಿಲ್ಲ. ಭಾನುವಾರವೇ ಹೊರಡೋಣ ಎಂದಳು. ಸಾಕ್ಷಿಗೆ ನನ್ನನ್ನೂ ಹೊರಡಿಸಿದಳು.

ಅಲ್ಲಿನ ಗೇಟಿನ ಮುಂದೆ ಅವಳು ಎಷ್ಟೋ ವರ್ಷ ಜನರನ್ನು ಇಳಿಸಿದ್ದಳು. ಅದು ಅವಳ ಬಸ್ಸಿನ ಕೊನೆಯ ನಿಲ್ದಾಣ. ಒಳಗೆ ಮಾತ್ರ ಕಾಲಿಟ್ಟವಳಲ್ಲ. ‘ಸುಲಭದ ದಾರಿ’ ಎಂದು ಬರೆದ ಫಲಕವನ್ನು ನಿಂತು ಓದಿದಳು.

“ಯಾರಿಗೆ ಸುಲಭ ಅಂತ ಬರೆದೇ ಇಲ್ವಲ್ಲ” ಎಂದು ಬೂಟಿನ ದಾರ ಬಿಗಿದುಕೊಂಡಳು.

ಹಲಗೆಗಳ ಕೆಳಗೆ ಕಪ್ಪು ಕೆಸರು. ಉಪ್ಪುನೀರಿನ ಗಿಡಗಳ ಬೇರುಗಳು ಕೆಸರಿನಿಂದ ಬೆರಳುಗಳ ಹಾಗೆ ಮೇಲೆದ್ದಿದ್ದವು. ನಮ್ಮ ಹೆಜ್ಜೆಯ ಅದುರಿಗೆ ಏಡಿಗಳು ಬಿಲ ಸೇರುತ್ತಿದ್ದವು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಅವಳ ಊರುಗೋಲಿನ ತುದಿ ಎರಡು ಹಲಗೆಗಳ ಸಂದಿಗೆ ಸಿಕ್ಕಿಕೊಂಡಿತು, ಮುಗ್ಗರಿಸಿದಳು. ತಮ್ಮ ಎರಡೂ ಕೈ ಚಾಚಿ ಓಡಿಬಂದ. ಮುಟ್ಟಿದರೆ ಜೋಕೆ ಎನ್ನುವ ಹಾಗೆ ಅವನನ್ನು ನೋಡಿ, ಕೋಲನ್ನು ಪಕ್ಕದ ಕಂಬಿಗೆ ನೇತುಹಾಕಿದಳು. ಕಾಲು ಅಗಲಿಸಿ, ಮಂಡಿ ಸಡಿಲ ಬಿಟ್ಟು, ಓಡುವ ಬಸ್ಸಿನಲ್ಲಿ ನಿಲ್ಲುವ ಹಾಗೆ ನಿಂತಳು. ಆಮೇಲೆ ಹಾಗೆಯೇ, ಬಾತುಕೋಳಿಯಂತೆ ಎಡಕ್ಕೂ ಬಲಕ್ಕೂ ವಾಲುತ್ತ ಹೊರಟಳು.

“ಕಂಬಿನಾದ್ರೂ ಹಿಡ್ಕೋ ಅಕ್ಕ. ಬೇಡ ಅಂತ ನಾನೇನೂ ಹೇಳಿಲ್ಲ.”

“ಕಂಡಕ್ಟರ್ ಕಂಬಿ ಹಿಡಿದು ನಿಂತ್ರೆ ಟಿಕೆಟ್ ಹರಿಯೋಕೆ ನೀನು ಬರ್ತಿದ್ಯೇನೋ?”

ನನ್ನ ತುಟಿ ಅಲ್ಲಾಡುತ್ತಿದ್ದುದು ಅವಳ ಕಣ್ಣಿಗೆ ಬಿತ್ತು. ದೇವರಿಗೆ ಇವತ್ತೊಂದು ದಿನ ರಜ ಕೊಡು, ಭಾನುವಾರ ಅಲ್ವಾ ಎಂದು ಕಿಚಾಯಿಸಿದಳು. ನಾನು ನಿಲ್ಲಿಸಲಿಲ್ಲ.

ತುದಿಯಲ್ಲಿ ಒಂದು ಅಟ್ಟಣೆ, ಒಂದು ಬೆಂಚು. ಅದರಾಚೆ ನೀರು ಇಳಿದ ಬಯಲಿನಲ್ಲಿ ಕೊಕ್ಕರೆಗಳು ಒಂಟಿ ಕಾಲಲ್ಲಿ ನಿಂತಿದ್ದವು. “ನೋಡು, ಅವೂ ಏನೂ ಹಿಡ್ಕೊಂಡಿಲ್ಲ” ಎನ್ನುತ್ತ ಬೆಂಚಿನ ಮೇಲೆ ಕುಸಿದಳು. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಒಂದು ಕೈಯಿಂದ ಸೊಂಟವನ್ನು ಒತ್ತಿಹಿಡಿದಿದ್ದಳು. ಬಂದಷ್ಟೇ ದಾರಿ ಇನ್ನೂ ಹಿಂದಕ್ಕಿತ್ತು.

ಗಿಡಗಳ ಹಿಂದಿನ ಮಣ್ಣುದಾರಿಯಲ್ಲಿ ಕಾವಲುಗಾರ ಬ್ಯಾಟರಿ ಗಾಡಿ ತಂದು ನಿಲ್ಲಿಸಿ, ಅಮ್ಮನವರನ್ನು ಗೇಟಿನವರೆಗೆ ಬಿಡಲೇ ಎಂದು ಕೇಳಿದ. ತಮ್ಮ ಅಕ್ಕನ ಕೈಯನ್ನೇ ನೋಡುತ್ತಿದ್ದ. ಅವನ ಹಟವೆಲ್ಲ ಅಷ್ಟರಲ್ಲಿ ಇಳಿದುಹೋಗಿತ್ತು. ಅವಳ ಪಕ್ಕದಲ್ಲಿ ಕೂತು ದನಿ ತಗ್ಗಿಸಿದ.

“ಸಾಕು ಅಕ್ಕ, ಗಾಡಿ ಹತ್ತು. ಪೂರ್ತಿ ನಡೆದಳು ಅಂತ ಮನೇಲಿ ನಾನೇ ಹೇಳ್ತೀನಿ. ಮಹಡಿ ಕೋಣೆ ನಿಂದೇ, ಬಿಡು ಅಂತ ಇನ್ನು ಯಾರೂ ಕೇಳಲ್ಲ.”

ಅವಳು ಅವನ ಅಂಗಿಯ ತೋಳಿಗೆ ಮೆತ್ತಿದ್ದ ಜೇಡರ ಬಲೆಯನ್ನು ಮೆಲ್ಲಗೆ ಒರೆಸಿದಳು. ಚಿಕ್ಕವನಿದ್ದಾಗ ಹೀಗೆಯೇ ಅವನನ್ನು ಶಾಲೆಗೆ ಅಣಿಮಾಡುತ್ತಿದ್ದಳೇನೋ.

“ಒಳ್ಳೇವನು ಕಣೋ ನೀನು. ಆದ್ರೆ ಆಗ ಅದು ನೀನು ಕೊಟ್ಟ ಕೋಣೆ ಆಗುತ್ತಲ್ಲೋ.”

ತೊಡೆಯ ಮೇಲೆ ಕೈಯೂರಿ, ಹಲ್ಲು ಕಚ್ಚಿ ಎದ್ದು ನಿಂತಳು. ಗಾಡಿಯವನ ಕಡೆ ತಿರುಗಿದಳು.

“ನೀನು ಹೊರಡಪ್ಪ. ನಾನು ಬರಲ್ಲ.”