ಗಂಟಿಲ್ಲದ ಮುದ್ದೆ

ತಾವರೆಕೆರೆ ಪಕ್ಕದ ಹಟ್ಟಿಯ ಕೊಲ್ಲಾಪುರಮ್ಮ ನಲವತ್ತೇಳು ವರ್ಷ ತೊಳಸಿದ ಮುದ್ದೆಗಳನ್ನು ಒಂದರ ಮೇಲೊಂದು ಪೇರಿಸಿದ್ದರೆ, ಮಧುಗಿರಿ ಬೆಟ್ಟ ನಾಚಿಕೊಂಡು ಕೂತುಬಿಡುತ್ತಿತ್ತು. ಜ್ವರ ಬಂದಾಗಲೂ ತೊಳಸಿದಳು. ಬಲಗೈ ಮುರಿದು ಸಿರಾದಲ್ಲಿ ಪಟ್ಟಿ ಕಟ್ಟಿಸಿಕೊಂಡು ಬಂದ ದಿನ ಎಡಗೈಯಲ್ಲಿ ತೊಳಸಿದಳು. ಗಂಡ ಮೂಡಲಗಿರಿಯಪ್ಪ ಕಂಬಕ್ಕೊರಗಿ ಕೂತು ನೋಡುತ್ತಿದ್ದ. ಏಳು ವರ್ಷ ಸೈನ್ಯದಲ್ಲಿದ್ದು ಬಂದವನು, ಮದುವೆಯಾದ ವಾರದಲ್ಲೇ ಕಡ್ಡಿ ಮುರಿದಂತೆ ಹೇಳಿದ್ದ: "ಬಂದೂಕ ಹಿಡಿದ ಕೈ ಕಣೇ ಇದು. ಮುದ್ದೆ ಕೋಲು ಹಿಡಿಯಾಕಿಲ್ಲ."

ಆ ಮಾತು ಅವಳಿಗೆ ಕೊರಳಿನ ಸರದಂತಿತ್ತು. ನಲ್ಲಿಯ ಹತ್ತಿರ ಹೆಂಗಸರು ಗಂಡಂದಿರ ಕುರಿ ಎಣಿಸುವಾಗ ಇವಳು ಬಿಂದಿಗೆ ಸೊಂಟಕ್ಕೇರಿಸಿ, "ನಮ್ಮೋರು ಕುರಿ ಕಾದೋರಲ್ಲ, ದೇಶ ಕಾದೋರು" ಅಂದು ನಡೆದುಬಿಡುತ್ತಿದ್ದಳು.

ಓಬಳಯ್ಯನ ಟೀ ಅಂಗಡಿಯಲ್ಲಿ ಮೂಡಲಗಿರಿಯಪ್ಪನಿಗೆ ಮಿಲ್ಟ್ರಿ ಎಂದೇ ಹೆಸರು. ಮೊದಮೊದಲು ಅವನು ಒಂದು ಗುಂಡಿಗೆ ಇಬ್ಬರನ್ನು ಬೀಳಿಸಿದ್ದ. ಆಮೇಲೆ ಪ್ರತಿ ಯುಗಾದಿಗೂ ಒಬ್ಬ ಶತ್ರು ಹೆಚ್ಚುತ್ತ ಹೋದ. ಗುಂಡು ಮಾತ್ರ ಒಂದೇ. ಒಮ್ಮೆ ಗುಂಡು ಮುಗಿದಾಗ ಕವಣೆ ಬೀಸಿ ವಿಮಾನ ಕೆಡವಿದ. ವಿಮಾನದ ಒಳಗಿದ್ದವನು ಕೆಳಗೆ ಬಿದ್ದವನೇ ಇವನ ಮೀಸೆ ನೋಡಿ ಕೈಮುಗಿದನಂತೆ. ಊರು ಬಾಯಿ ಬಿಟ್ಟುಕೊಂಡು ಕೇಳುತ್ತಿತ್ತು, ಟೀ ಆರುತ್ತಿತ್ತು.

ಒಂದೇ ಒಂದು ವಿಚಿತ್ರ. ಅಂಗಡಿಯ ಜಗಲಿ ಮೇಲೆ ಯಾರಾದರೂ ಕಂಬಳಿ ಹಾಸಿದ್ದರೆ, ಮಿಲ್ಟ್ರಿ ಅದನ್ನು ಸರಿಸಿ ಬರೀ ಕಲ್ಲಿನ ಮೇಲೆ ಕೂರುತ್ತಿದ್ದ. "ಚುಚ್ಚುತ್ತೆ" ಅನ್ನುತ್ತಿದ್ದ. ಆ ಹಟ್ಟಿಯಲ್ಲಿ ಕಂಬಳಿಯೆಂದರೆ ದೇವರ ಗದ್ದಿಗೆ. ನ್ಯಾಯ ಹೇಳುವವನು, ಆಣೆ ಇಡುವವನು ಅದರ ಮೇಲೆಯೇ ಕೂರಬೇಕು, ಕೂತವನು ಸುಳ್ಳಾಡುವಂತಿಲ್ಲ. ಕುರಿ ಕಾಯುವ ಕುಲದಲ್ಲಿ ಹುಟ್ಟಿದವನಿಗೆ ಕಂಬಳಿ ಚುಚ್ಚುವುದುಂಟೇ ಎಂದು ಯಾರೂ ಕೇಳಲಿಲ್ಲ.

ಕಳೆದ ಮಾಘದಲ್ಲಿ ಸಿರಾದಿಂದ ಪ್ರಭುದೇವ್ ಮೇಷ್ಟ್ರು ಬಂದರು. ಹಳ್ಳಿ ಹಳ್ಳಿಗೆ ಒಳ್ಳೆಯ ಸಿನಿಮಾ ತೋರಿಸುವ ಹುಚ್ಚು ಅವರಿಗೆ. "ಭಾನುವಾರ ಮಧ್ಯಾಹ್ನ ಶಾಲೆಯಲ್ಲಿ ಯುದ್ಧದ ಸಿನಿಮಾ. ಹಳೇದು, ಪ್ರಪಂಚವೇ ಮೆಚ್ಚಿದ್ದು. ಕೆಳಗೆ ಇಂಗ್ಲಿಷ್ ಅಕ್ಷರ ಬರ್ತವೆ, ನಿಮಗೆ ಓದೋಕಾಗಲ್ಲ. ಮಿಲ್ಟ್ರಿಯವರೇ ಮೈಕ್ ಹಿಡ್ಕೊಂಡು ವಿವರಿಸಲಿ" ಅಂದರು. ಯುದ್ಧದ ಸಿನಿಮಾ ಅಂದರೇ ಹೊರತು, ಯುದ್ಧ ಬೇಡವೆನ್ನುವ ಸಿನಿಮಾ ಅನ್ನಲಿಲ್ಲ.

ಕತ್ತಲು ಮಾಡಲು ಶಾಲೆಯ ಕಿಟಕಿಗಳಿಗೆ ಹಟ್ಟಿಯವರೆಲ್ಲ ಕಂಬಳಿ ತಂದು ಕಟ್ಟಿದರು. ಕೊಲ್ಲಾಪುರಮ್ಮ ತಂದಿದ್ದು ಕಿಟಕಿಗಲ್ಲ. ಮಾವನ ಕಾಲದ ಕರಿಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಗಂಡನ ಕುರ್ಚಿಗೆ ಹಾಸಿದಳು.

"ತೆಗಿಯೇ ಅದ. ಚುಚ್ಚುತ್ತೆ."

"ಗುಂಡು ಚುಚ್ಚಲಿಲ್ಲ, ಕಂಬಳಿ ಚುಚ್ತದಾ? ಮರ್ವಾದೆ ಮಾಡ್ತಾ ಇವ್ನಿ, ಕೂತ್ಕೋ."

ಊರೆಲ್ಲ ನೋಡುತ್ತಿತ್ತು. ಕೂತ.

ಸಿನಿಮಾ ಶುರುವಾಯಿತು. ಕಪ್ಪು ಬಿಳುಪು. ಮಳೆ, ಕೆಸರು, ಉದ್ದನೆಯ ಗುಂಡಿಯಲ್ಲಿ ಸಾಲಾಗಿ ಕೂತ ಸಿಪಾಯಿಗಳು. ಒಬ್ಬ ಬೂಟು ಹೊಲಿಯುತ್ತಿದ್ದ, ಇನ್ನೊಬ್ಬ ಅದೇ ಕಾಗದವನ್ನು ಮತ್ತೆ ಮತ್ತೆ ಓದುತ್ತಿದ್ದ. ಅರ್ಧ ಗಂಟೆಯಾದರೂ ಯಾರೂ ಯಾರನ್ನೂ ಹೊಡೆಯಲಿಲ್ಲ.

"ಇವ್ರು ಯುದ್ಧ ಮಾಡಾಕ್ ಬಂದೋರೋ, ಬಸ್ ಕಾಯಾಕ್ ಬಂದೋರೋ?" ಅಂದ ಓಬಳಯ್ಯ.

"ಹೀರೋ ಯಾರ್ಲಾ ಇದ್ರಾಗೆ?"

"ಒಂದ್ ಹಾಡಾದ್ರೂ ಬ್ಯಾಡ್ವಾ? ಮೋಸ ಮಾಡ್ಬುಟ್ರು ಕಣ್ಲಾ ಮೇಷ್ಟ್ರು."

ಮೈಕ್ ಹಿಡಿದು ಕೂತ ಗಂಡನನ್ನು ಕೊಲ್ಲಾಪುರಮ್ಮ ಹಿಂದಿನಿಂದ ತಿವಿದಳು. "ಮಾತಾಡು. ಊರು ಕಾಯ್ತಾ ಐತೆ."

ಆಗ ತೆರೆಯ ಮೇಲೆ ಅಡಿಗೆಯವನೊಬ್ಬ ಬಂದ. ಬೆನ್ನಿಗೆ ಹಂಡೆ ಕಟ್ಟಿಕೊಂಡು ಕೆಸರಲ್ಲಿ ಜಾರುತ್ತ, ಏಳುತ್ತ ಗುಂಡಿ ಮುಟ್ಟಿದ. ಅಷ್ಟರಲ್ಲಿ ಒಳಗಿದ್ದವರೆಲ್ಲ ಸತ್ತಿದ್ದರು. ಅವನು ಒಬ್ಬೊಬ್ಬರ ಮುಂದೂ ತಟ್ಟೆ ಇಟ್ಟು ಸೌಟಿನಲ್ಲಿ ಬಡಿಸುತ್ತ ಹೋದ.

"ಇದು ಸುಳ್ಳು," ಮೈಕಿನಲ್ಲಿ ಮಿಲ್ಟ್ರಿಯ ದನಿ ಬಂತು. ಊರಿಗೆ ಜೀವ ಬಂತು. ಇನ್ನು ವಿಮಾನ ಬೀಳುತ್ತದೆ ಎಂದು ಎಲ್ಲರೂ ನೆಟ್ಟಗೆ ಕೂತರು.

"ಅಂಗೆ ಬಡಿಸಾಕ್ ಆಗಲ್ಲ. ಕೈ ಏಳಲ್ಲ." ಅವನ ಕೈ ಕುರ್ಚಿಯ ಕಂಬಳಿಯನ್ನು ಸವರುತ್ತಿತ್ತು. "ನಾನು ಬಂದೂಕ ಹಿಡಿದೋನಲ್ಲ. ಅಡಿಗೆಯೋನು. ನಮ್ ಕಡೆ ಹುಡುಗ್ರು ಒಂಬತ್ ಜನ ಇದ್ರು. ಪಾವಗಡದೋರು, ಕೊರಟಗೆರೆಯೋರು. ಊರಿಂದ ಯಾರೋ ರಾಗಿ ಹಿಟ್ಟು ಕಳ್ಸಿದ್ರು. ಒಂಬತ್ ಮುದ್ದೆ ಮಾಡಿಟ್ಟು ಕಾದೆ. ಇಬ್ರು ಬಂದ್ರು. ಏಳು ಮುದ್ದೆ ಅಲ್ಲೇ ಆರಿ ಕಲ್ಲಾದ್ವು."

ಸಿನಿಮಾ ಓಡುತ್ತಲೇ ಇತ್ತು, ಯಾರೂ ನೋಡುತ್ತಿರಲಿಲ್ಲ. "ನಲವತ್ ವರ್ಸ ನಮ್ಮನ್ನ ಕುರಿ ಮಾಡ್ದ" ಅಂದ ಓಬಳಯ್ಯ, ತನ್ನ ಕಂಬಳಿಯನ್ನು ಕಿಟಕಿಯಿಂದ ಕಿತ್ತುಕೊಂಡ. ಇನ್ನೊಬ್ಬ ಕಿತ್ತ. ಒಂದೊಂದು ಕಿಟಕಿ ತೆರೆದಂತೆಲ್ಲ ಬಿಸಿಲು ಬಿದ್ದು ತೆರೆಯ ಮೇಲಿನ ಸಿಪಾಯಿಗಳು ಮಾಯವಾದರು. ಮೇಷ್ಟ್ರಿಗೆ ಮಾತ್ರ ಕಣ್ಣಲ್ಲಿ ನೀರು. ಅವರನ್ನು ಯಾರೂ ಕ್ಯಾರೇ ಅನ್ನಲಿಲ್ಲ.

ಕೊಲ್ಲಾಪುರಮ್ಮ ಕರಿಕಂಬಳಿಯನ್ನು ಹೆಗಲಿಗೆ ಹಾಕಿಕೊಂಡು ಮನೆಗೆ ಬಂದಳು. ಗಂಡ ಹತ್ತು ಮಾರು ಹಿಂದೆ ಬಂದ. ನಲ್ಲಿಯ ಹತ್ತಿರ ಇದ್ದ ಹೆಂಗಸರು ಏನೂ ಅನ್ನಲಿಲ್ಲ. ಅಂದಿದ್ದರೆ ಒಳ್ಳೆಯದಿತ್ತು.

ಒಳಗೆ ಕಂಬಳಿ ಹಾಸಿ ತಾನೇ ಕೂತಳು.

"ಆ ಏಳು ಜನಕ್ಕೆ ನಾನೂ ಅಳ್ತೀನಿ. ಅದು ಬ್ಯಾರೆ. ಊರಿಗೆ ನೀನು ಸುಳ್ಳೇಳಿದ್ದೆ, ಅದೂ ಬ್ಯಾರೆ. ನಂಗ್ಯಾಕೆ ಹೇಳ್ಲಿಲ್ಲ?"

ಅವನು ಕಂಬ ಹಿಡಿದು ನಿಂತ. "ಒಲೆ ಮುಂದೆ ಹೋದ್ರೆ ಅವ್ರು ಬಂದು ಸಾಲಾಗಿ ಕೂರ್ತಿದ್ರು. ಅದ ಹೇಳೋದ್ಕಿಂತ ಬಂದೂಕದ ಮಾತು ಸಲೀಸಾಗಿತ್ತು."

"ನಿಂಗೆ ಸಲೀಸು. ಮುರಿದ ಕೈಲಿ ತೊಳಸ್ದಾಗ ಎದುರಿಗೇ ಕೂತಿದ್ದೆಯಲ್ಲ. ನಾನು ದೇಶ ಕಾದೋರ್ಗೆ ಮಾಡ್ತಾ ಇವ್ನಿ ಅನ್ಕೊಂಡಿದ್ದೆ." ಎದ್ದು ಮುದ್ದೆ ಕೋಲನ್ನು ಅವನ ಕಾಲ ಬುಡಕ್ಕೆ ಎಸೆದಳು. "ಹಸಿವಾಗ್ತೈತೆ. ಇಬ್ರಿಗೆ ಮಾಡು."

ಅವನು ಬಗ್ಗಿ ಕೋಲನ್ನು ಎತ್ತಿಕೊಂಡ. ಆಮೇಲೆ ಒಲೆ ಹೊತ್ತಿಸಿ ಎಸರಿಟ್ಟ. ಹಿಟ್ಟು ಸುರಿದು ಕೋಲು ತಿರುಗಿಸಿದ. ಎರಡೇ ಎರಡು ಮುದ್ದೆ ಕಟ್ಟಿ ತಟ್ಟೆಗಿಟ್ಟ, ಸೊಪ್ಪಿನ ಸಾರು ಬಿಟ್ಟ.

ಕೊಲ್ಲಾಪುರಮ್ಮ ಮುರಿದಳು. ಬೆಣ್ಣೆ. ಹುಡುಕಿದಳು, ಒಂದು ಗಂಟಿಲ್ಲ. ಅವಳ ಮುದ್ದೆಯಲ್ಲಿ ನಲವತ್ತೇಳು ವರ್ಷವೂ ಎರಡು ಮೂರು ಗಂಟು ಇದ್ದೇ ಇರುತ್ತಿದ್ದವು. ಇವನು ಒಂದು ದಿನವೂ ಚಕಾರವೆತ್ತದೆ ನುಂಗಿದ್ದ, ಹೇಗೆ ಮಾಡಬೇಕೆಂದು ಗೊತ್ತಿದ್ದೂ.

"ಹೆಂಗೈತೆ?" ಅಂದ.

ಅವಳು ತಟ್ಟೆ ಕೆಳಗಿಟ್ಟಳು. ಕೂತಿದ್ದ ಕಂಬಳಿಯನ್ನು ಎಳೆದು ಮೂಲೆಗೆ ಸರಿಸಿದಳು. ಬರೀ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತ ಮೇಲೆ, "ಬರೀ ಗಂಟು" ಅಂದಳು.