ಎಡಗೈ ಮಗಳ ಗಾಲ್ಫ್

ಹುಮನಾಬಾದಿನ ಬಸ್ ನಿಲ್ದಾಣದಲ್ಲಿ ಇಳಿಯುವಷ್ಟರಲ್ಲೇ ರತ್ನಮಾಲಾಗೆ ಸಾಕುಸಾಕಾಗಿತ್ತು. ವಾರಕ್ಕೊಂದು ಭಾನುವಾರ. ಆವತ್ತಾದರೂ ನೆಲಕ್ಕೆ ಬೆನ್ನು ಹಚ್ಚೋಣವೆಂದರೆ ಈ ಗಾಲ್ಫ್ ಒಂದು ಗಂಟುಬಿದ್ದಿತ್ತು. ಬಸವಕಲ್ಯಾಣದ ಹೊರಗಿನ ಹಳ್ಳಿಯ ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಹೆಂಗಸಿಗೂ ಗಾಲ್ಫಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಅವಳೂ ಅದನ್ನೇ ಕೇಳಿದ್ದಳು.

ಆದದ್ದಿಷ್ಟು. ಪುಣೆಯ ಯಾವುದೋ ಕಂಪನಿ ಶಾಲೆಗೆ ಆಟದ ಸಾಮಾನಿನ ಪೆಟ್ಟಿಗೆ ಕಳಿಸಿತ್ತು. ಚೆಂಡು, ಹಗ್ಗ, ರಿಂಗುಗಳ ನಡುವೆ ತುದಿ ದಪ್ಪಗಿದ್ದ ಪ್ಲಾಸ್ಟಿಕ್ ಕೋಲುಗಳೂ ಇದ್ದವು. ಯಾತಕ್ಕೆಂದು ತಿಳಿಯದೆ ಮಕ್ಕಳು ಅವುಗಳಿಂದ ಹುಣಸೆಕಾಯಿ ಉದುರಿಸುತ್ತಿದ್ದರು. ಕೊನೆಗೆ ಪಿ.ಟಿ. ಮಾಸ್ತರರು ಮೊಬೈಲಿನಲ್ಲಿ ನೋಡಿ, ಇದು ಗಾಲ್ಫ್, ನೆಲದ ಮೇಲಿನ ಪುಟ್ಟ ಚೆಂಡನ್ನು ಹೊಡೆದು ದೂರದ ಕುಳಿಗೆ ಹಾಕುವ ಆಟ ಎಂದು ತೋರಿಸಿಕೊಟ್ಟರು. ಉಳಿದ ಮಕ್ಕಳು ಆಡಿ ಬೇಸತ್ತು ಬಿಟ್ಟರು. ರತ್ನಮಾಲಾಳ ಮಗಳು ಆಮ್ರಪಾಲಿ, ಆರನೆಯ ತರಗತಿಯ ಹುಡುಗಿ, ಬಿಡಲಿಲ್ಲ. ಅವಳು ಹೊಡೆದ ಚೆಂಡು ಕಂಪೌಂಡು ದಾಟಿ ತೊಗರಿ ಹೊಲಕ್ಕೆ ಬೀಳುತ್ತಿತ್ತು.

"ನಿಮ್ಮ ಹುಡುಗಿ ಕೈಯಾಗ ಏನೋ ಅದರಿ. ಸುಮ್ಮನ ಕೂಡಸಬ್ಯಾಡ್ರಿ" ಎಂದು ಮಾಸ್ತರರು ಎರಡು ಜಾಗ ಹೇಳಿದರು. ಒಂದು, ಹುಮನಾಬಾದಿನ ಹೊರಗೆ ಹೆದ್ದಾರಿಗೆ ಹೊಂದಿಕೊಂಡ ರೆಸಾರ್ಟ್. ಅಲ್ಲಿ ಪ್ರತಿ ಭಾನುವಾರ ಮಕ್ಕಳಿಗೆ ತರಬೇತಿ, ಸರ್ಕಾರಿ ಶಾಲೆಯ ಕೆಲವರಿಗೆ ಪುಕ್ಕಟೆ. ಇನ್ನೊಂದು ಬಸವಕಲ್ಯಾಣದಲ್ಲೇ. ಸೈನ್ಯದಿಂದ ನಿವೃತ್ತರಾದ ಸಿದ್ದಪ್ಪ ಎಂಬವರು ಊರಾಚೆಯ ಬೀಳು ನೆಲದಲ್ಲಿ ನಾಲ್ಕು ಮಕ್ಕಳನ್ನು ಕಟ್ಟಿಕೊಂಡು ಭಾನುವಾರ ಕಲಿಸುತ್ತಿದ್ದರು. ಗಂಡ ಅಜೀತ ಕಬ್ಬಿನ ಟ್ರ್ಯಾಕ್ಟರ್ ಹೊಡೆಯುವವನು, ಹಳ್ಳಿಖೇಡದ ಸಕ್ಕರೆ ಕಾರ್ಖಾನೆಯ ಮುಂದೆ ಕಬ್ಬು ಇಳಿಸಲು ಪಾಳಿಯಲ್ಲಿ ನಿಂತಿದ್ದ. ಹಾಗಾಗಿ ಎರಡನ್ನೂ ನೋಡಿ ಆರಿಸುವ ಕೆಲಸವೂ ರತ್ನಮಾಲಾಳ ತಲೆಗೇ ಬಂತು.

ಇಲ್ಲೊಂದು ಮಾತು ಹೇಳಬೇಕು. ಆಮ್ರಪಾಲಿ ಎಡಚಿ. ರತ್ನಮಾಲಾಳೂ ಎಡಚಿಯೇ, ಆದರೆ ಅದು ಊರಲ್ಲಿ ಯಾರಿಗೂ ಗೊತ್ತಿಲ್ಲ. ಸಣ್ಣವಳಿದ್ದಾಗ ಎಡಗೈ ಮುಂದೆ ಬಂದರೆ ಸೌಟಿನಿಂದ ಏಟು ಬೀಳುತ್ತಿತ್ತು. ದೊಡ್ಡವಳಾಗಿ ಬಿಸಿಯೂಟದ ಕೆಲಸಕ್ಕೆ ಸೇರಿದ ಮೇಲೆ ಹೊಡೆಯುವವರು ಬೇಕಾಗಲಿಲ್ಲ. ಬೌದ್ಧರಾದ ದಲಿತರ ಓಣಿಯ ಹೆಂಗಸು ಬೇಯಿಸಿದ್ದೆಂದು ಮೊದಲ ವರ್ಷ ಕೆಲವು ಮನೆಯವರು ಮಕ್ಕಳಿಗೆ ಡಬ್ಬಿ ಕಟ್ಟಿ ಕಳಿಸುತ್ತಿದ್ದರು. ಅಂಥದ್ದರಲ್ಲಿ ಎಡಗೈಯಲ್ಲಿ ಬಡಿಸಿದರೆ ಮುಗಿಯಿತು. ಶಾಲೆಯ ಅಷ್ಟೂ ಮಕ್ಕಳಿಗೆ ಬಲಗೈಯಲ್ಲೇ ಅನ್ನ, ಬಲಗೈಯಲ್ಲೇ ಸಾಂಬಾರು. ಒಗ್ಗದ ಕೈಯಿಂದ ಭಾರದ ಸೌಟು ಎತ್ತಿ ಎತ್ತಿ ಸಂಜೆಗೆ ರಟ್ಟೆ ಸೋತು ಜೋತುಬೀಳುತ್ತಿತ್ತು. ಯಾಕೆ ನೋಯುತ್ತದೆಂದು ಯಾರಿಗೆ ಹೇಳುವುದು? ಹೇಳಲಿಲ್ಲ. ಮಗಳಿಗೆ ಮಾತ್ರ ಉಣ್ಣುವುದೊಂದು ಬಿಟ್ಟು ಉಳಿದದ್ದನ್ನೆಲ್ಲ ಹೇಗೆ ಬರುತ್ತದೋ ಹಾಗೆ ಮಾಡಲು ಬಿಟ್ಟಿದ್ದಳು. ಅತ್ತೆ ಗೊಣಗಿದರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಬಾಳಿನಲ್ಲಿ ಅವಳು ಹಟ ಹಿಡಿದದ್ದು ಅದೊಂದಕ್ಕೇ.

ರೆಸಾರ್ಟಿನ ಹುಲ್ಲು ನೋಡಿ ಆಮ್ರಪಾಲಿ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದಳು. ಕೋಚ್ ನದೀಮ್ ಹುಮನಾಬಾದಿನವನೇ, ಹೈದರಾಬಾದಿನಲ್ಲಿ ಕಲಿತು ಬಂದವನು. ನಗುಮುಖದ ಮನುಷ್ಯ. ತಾಯಿಗೆ ಕುರ್ಚಿ ಹಾಕಿಸಿ, ಚಹಾ ತರಿಸಿ, ಮಗಳ ಕೈಗೆ ಕಬ್ಬಿಣದ ಕೋಲು ಕೊಟ್ಟ. ಆಮ್ರಪಾಲಿ ತನ್ನ ರೂಢಿಯಂತೆ ನಿಂತು ಬೀಸಿದಳು. ಚೆಂಡು ಪಕ್ಕಕ್ಕೆ ಉರುಳಿ ನಿಂತಿತು. ಶಾಲೆಯ ಪ್ಲಾಸ್ಟಿಕ್ ಕೋಲಿಗೆ ಎರಡೂ ಬದಿ ಸಪಾಟಾಗಿತ್ತು, ಇದಕ್ಕೆ ಹೊಡೆಯುವ ಮುಖ ಒಂದೇ ಕಡೆ.

"ಎಡಗೈ ಏನ್ ಬೇಟಾ? ಪರವಾ ಇಲ್ಲ, ಈ ಕಡಿ ಬಂದು ನಿಂದ್ರು" ಎಂದ ನದೀಮ್. ರತ್ನಮಾಲಾಳ ಕಡೆ ತಿರುಗಿ ಹೇಳಿದ: "ನೋಡ್ರಿ ಅಕ್ಕಾ, ನಮ್ಮಲ್ಲಿ ಇರೋ ಕೋಲೆಲ್ಲಾ ಬಲಗೈದವು. ಸಣ್ಣ ಹುಡುಗಿ, ತಿರುಗಿಸಿದ್ರ ತಿರುಗ್ತಾಳ. ಭಾಳ ಎಡಚರು ಬಲಗೈಲೇ ಆಡ್ತಾರ, ಚೊಲೋ ಆಡ್ತಾರ. ಸುಳ್ಳು ಹೇಳಾಕತ್ತಿಲ್ರಿ."

ಅವನು ಸುಳ್ಳು ಹೇಳುತ್ತಿರಲಿಲ್ಲ. ಆಮ್ರಪಾಲಿ ಆ ಬದಿಗೆ ಹೋಗಿ ನಿಂತಳು. ಒಂದಷ್ಟು ಹೊಡೆತ ತಪ್ಪಿದವು. ಆಮೇಲೆ ಚೆಂಡು ಮೇಲೇಳತೊಡಗಿತು. ಆದರೆ ಪ್ರತಿ ಸಲ ಬೀಸುವ ಮೊದಲು ಹುಡುಗಿ ತನ್ನ ಕೈ ನೋಡಿಕೊಳ್ಳುತ್ತಿದ್ದಳು, ಆಮೇಲೆ ನದೀಮ್‌ನ ಮುಖ, ಸರಿಯೇ ಎಂದು. ತೊಗರಿ ಹೊಲಕ್ಕೆ ಹೊಡೆಯುವಾಗ ಅವಳು ಯಾರ ಮುಖವನ್ನೂ ನೋಡುತ್ತಿರಲಿಲ್ಲ. ರತ್ನಮಾಲಾ ಚಹಾದ ಲೋಟ ಕೆಳಗಿಟ್ಟಳು.

"ಹುಡುಗಿನ್ನ ತಗೋತೀವ್ರಿ" ಎಂದ ನದೀಮ್. ಬೂಟು, ಬಟ್ಟೆ, ಹಾಲು ಮೊಟ್ಟೆ ಅವರದೇ. ಬಸವಕಲ್ಯಾಣದಿಂದ ಕರೆತರಲು ಗಾಡಿಯೂ ಅವರದೇ. "ನೀವು ಬರೋದೂ ಬ್ಯಾಡ, ಮನ್ಯಾಗ ಆರಾಮ ಇರ್ರಿ. ನಾಳೆ ಸಂಜಿ ಒಳಗ ಫೋನ್ ಮಾಡಿ ಹೂಂ ಅಂದ್ರ ಸಾಕು."

ಆರಾಮ. ಆ ಮಾತು ಕೇಳಿ ಎಷ್ಟು ಕಾಲವಾಗಿತ್ತೋ. ವಾಪಸ್ ಬರುವಾಗ ಬಸ್ಸಿನಲ್ಲಿ ಅವಳು ಅದನ್ನೇ ನೆನೆಯುತ್ತ ಕಿಟಕಿಗೆ ತಲೆಯಾನಿಸಿದಳು. ಪಕ್ಕದಲ್ಲಿ ಮಗಳು ಬೂಟಿನ ಬಣ್ಣ ಯಾವುದಿರಬಹುದೆಂದು ಹೇಳುತ್ತಲೇ ಇದ್ದಳು.

ಅಂದೇ ಇಳಿಹೊತ್ತು ಹೋದ ಸಿದ್ದಪ್ಪನವರ ಬೀಳು ನೆಲದಲ್ಲಿ ಹುಲ್ಲೂ ಇರಲಿಲ್ಲ, ಕುರ್ಚಿಯೂ ಇರಲಿಲ್ಲ. ಅವರು ಹುಡುಗಿಯನ್ನು ನೋಡಿ, ಗೋಣಿಚೀಲದಲ್ಲಿ ತಡಕಾಡಿ, ಸೈನ್ಯದ ಯಾವನೋ ಸಾಹೇಬ ಬಿಟ್ಟುಹೋಗಿದ್ದ ಎಡಗೈ ಕೋಲೊಂದನ್ನು ತೆಗೆದರು. ತುಕ್ಕು ಹಿಡಿದಿತ್ತು. ಆಮ್ರಪಾಲಿಯ ಎದೆಮಟ್ಟಕ್ಕೆ ಬರುತ್ತಿತ್ತು. ಅವಳು ಅದರ ನಡುವಿಗೆ ಹಿಡಿದು ಬೀಸಿದಳು. ಚೆಂಡು ಜಾಲಿಗಿಡಗಳ ಆಚೆ ಹೋಗಿ ಬಿತ್ತು. ಹುಡುಗಿ ತನ್ನಷ್ಟಕ್ಕೆ ತಾನೇ ನಕ್ಕು ಚೆಂಡಿನ ಹಿಂದೆ ಓಡಿದಳು.

"ತಂಗಿ, ಖರೆ ಹೇಳ್ತೀನಿ" ಎಂದರು ಸಿದ್ದಪ್ಪ. "ಅಲ್ಲಿ ಹೋದ್ರ ಆಕಿ ನಾಕು ಊರಿಗಿ ಹೋಗಿ ಆಡ್ತಾಳ. ಹೆಸರು ಬಂದ್ರೂ ಬಂದೀತು. ನನ್ನ ಹತ್ರ ಈ ಕೋಲು ಅದ, ಈ ಕಲ್ಲಭೂಮಿ ಅದ. ಮುಂದ ಎಲ್ಲಿಗಿ ಹೋಗ್ತದೋ ನನಗ ಗೊತ್ತಿಲ್ಲ."

"ಕರ್ಕೊಂಡು ಬರೋದು ನಾನೇ ಏನ್ರಿ ಕಾಕಾ?"

"ಮತ್ಯಾರು ಬರ್ತಾರ ತಂಗಿ. ನನ್ನ ಹತ್ರ ಗಾಡಿ ಇಲ್ಲ."

ಮನೆಗೆ ಬಂದು ಹೇಳಿದಾಗ ಅಜೀತ ಪಾಳಿ ಮುಗಿಸಿ ಬಂದು ಕೈಕಾಲು ತೊಳೆಯುತ್ತಿದ್ದ. "ಇದರಾಗ ಯೋಚನಿ ಮಾಡೋದೇನದ?" ಎಂದ. "ಗಾಡಿ ಬರ್ತದ, ಬೂಟು ಕೊಡ್ತಾರ. ನಿನಗೂ ಒಂದಿನ ಮಲಗಾಕ ಸಿಗ್ತದ. ದಿನಾ ಸಂಜಿ ರಟ್ಟಿ ಹಿಡ್ಕೊಂಡು ಕುಂದರ್ತಿ, ನಾ ನೋಡಂಗಿಲ್ಲೇನು?" ಅವನು ನೋಡಿದ್ದಾನೆಂಬುದೇ ಅವಳಿಗೆ ಗೊತ್ತಿರಲಿಲ್ಲ. ಕಣ್ಣು ತುಂಬಿ ಬಂತು, ಅಂಗಳದ ಕಡೆ ಮುಖ ತಿರುಗಿಸಿದಳು. ಅಂಗಳದಲ್ಲಿ ಆಮ್ರಪಾಲಿ ಕಸಬರಿಗೆಯ ಹಿಡಿಕೆ ಹಿಡಿದು ಬಲಗಡೆಯಿಂದ ಬೀಸುವುದನ್ನು ರೂಢಿ ಮಾಡುತ್ತಿದ್ದಳು. ಎಡಗೈ ತಾನಾಗಿಯೇ ಮುಂದೆ ಬಂದಾಗಲೆಲ್ಲ ಅದನ್ನು ತಾನೇ ರಪ್ಪನೆ ಹೊಡೆದುಕೊಳ್ಳುತ್ತಿದ್ದಳು. ಯಾರೂ ಹೇಳಿಕೊಟ್ಟಿರಲಿಲ್ಲ.

ಸೋಮವಾರ ಮಕ್ಕಳ ಊಟ ಮುಗಿದು, ಪಾತ್ರೆ ತಿಕ್ಕಿ ಬೋರಲು ಹಾಕಿದ ಮೇಲೆ ರತ್ನಮಾಲಾ ಅಡುಗೆ ಕೋಣೆಯ ಕಟ್ಟೆಗೆ ಕೂತು ಫೋನ್ ಹಚ್ಚಿದಳು.

"ನಮಗ ಬ್ಯಾಡ್ರಿ ಸರ್. ಬ್ಯಾರೆ ಹುಡುಗೂರಿಗಿ ಕೊಡ್ರಿ."

ನದೀಮ್‌ಗೆ ಅರ್ಥವಾಗಲಿಲ್ಲ. "ಏನ್ ತೊಂದ್ರಿ ಅಕ್ಕಾ? ಗಾಡಿ ಓಣಿ ತನಕ ಕಳಸಲೇನು?"

"ಗಾಡಿದಲ್ರಿ. ಆಕಿ ಎಡಚಿ ಇದ್ದಾಳಲ್ರಿ."

"ಅಷ್ಟೇ ಏನು? ಅದು ತಿರುಗ್ತದ್ರಿ. ಆರು ತಿಂಗಳು, ಬಹಳಾದ್ರ ಒಂದು ವರ್ಷ."

"ನನ್ನೂ ತಿರುಗಿಸ್ಯಾರ್ರಿ" ಎಂದಳು ರತ್ನಮಾಲಾ. "ಮೂವತ್ತು ವರ್ಷ ಆಯ್ತು. ಇನ್ನಾ ತಿರುಗಿಲ್ರಿ. ಬರೇ ದಣಿದೀನಿ."

ನದೀಮ್ ಮೆಲ್ಲಗೆ, ಎಡಗೈ ಕೋಲು ತರಿಸಲು ಮಾಲೀಕರನ್ನು ಕೇಳಿ ನೋಡುತ್ತೇನೆ, ಮಾತು ಕೊಡಲಾರೆ ಎಂದ. ಆಗಲಿ, ಬಂದರೆ ಆಗ ನೋಡೋಣ ಎಂದು ಅವಳು ಫೋನ್ ಇಟ್ಟಳು. ಹಗುರಾಗಲಿಲ್ಲ. ಮಗಳ ಬೂಟು, ಆ ಹುಲ್ಲು, ತನ್ನ ಒಂದು ದಿನದ ನಿದ್ದೆ, ಎಲ್ಲವನ್ನೂ ಒಂದೇ ಮಾತಿನಲ್ಲಿ ಕಳೆದುಕೊಂಡಂತಾಯಿತು. ತಾನು ಮಾಡಿದ್ದು ಸರಿಯೋ ತಪ್ಪೋ ಹೇಳಲು ಅಲ್ಲಿ ಯಾರೂ ಇರಲಿಲ್ಲ.

ಸಂಜೆ, ರೆಸಾರ್ಟ್ ಇಲ್ಲ, ಸಿದ್ದಪ್ಪನವರ ಹತ್ತಿರವೇ ಕಲಿಯುವುದು ಎಂದು ತಿಳಿದು ಆಮ್ರಪಾಲಿ ಗೋಡೆಗೆ ಮುಖ ಹಾಕಿ ಅತ್ತಳು. ರೊಟ್ಟಿ ಮುಟ್ಟಲಿಲ್ಲ. ಅಪ್ಪ ಸಮಾಧಾನ ಮಾಡಲು ಹೋದರೆ ಅವನ ಕೈಯನ್ನೂ ಕೊಸರಿದಳು. ಅತ್ತು ಅತ್ತು ದನಿ ಬಿದ್ದುಹೋದ ಮೇಲೆ ತಾಯಿಯ ಕಡೆ ತಿರುಗಿದಳು.

"ನಾ ಬಲಗೈಲಿ ಆಡ್ತಿದ್ದೆ ಅವ್ವಾ. ನಿನಗೇನಾಗ್ತಿತ್ತು? ಎಷ್ಟು ಕಷ್ಟಾದ್ರೂ ಏನೂ ಅನ್ನಲಾರದ ಆಡ್ತಿದ್ದೆ."

ರತ್ನಮಾಲಾ ಮಗಳ ಪಕ್ಕದಲ್ಲಿ ಕೂತಳು. ಬಿಡಿಸಿ ಹೇಳುವಷ್ಟು ಕಸುವು ಅವಳಲ್ಲಿ ಉಳಿದಿರಲಿಲ್ಲ.

"ಆಡ್ತಿದ್ದಿ, ನನಗ ಗೊತ್ತದ" ಎಂದಳು. "ಅದಕ್ಕೇ ಬ್ಯಾಡ ಅಂದೆ."